ಬೀದಿ ಮಕ್ಕಳ ಸಿನಿಮಾ: ಯಾವುದನ್ನು ನಂಬುವುದು?

ಪ್ರಶ್ನೆ: ಬೀದಿಯಲ್ಲೇ ಬದುಕುವ ಮಕ್ಕಳ ಬಗ್ಗೆ ಎರಡು ಸಿನಿಮಾ ನೋಡಿದೆ. ಒಂದರಲ್ಲಿ ಹುಡುಗ ಕೊನೆಗೆ ಕೋಟಿ ಗೆಲ್ಲುತ್ತಾನೆ. ಇನ್ನೊಂದರಲ್ಲಿ ಮೊದಲಿಂದ ಕೊನೆಯವರೆಗೆ ಬರೀ ಅಳು. ಎರಡೂ ನಿಜ ಅನ್ನಿಸಲಿಲ್ಲ. ನಿಜಕ್ಕೆ ಹತ್ತಿರವಾದ ಚಿತ್ರಗಳು ಯಾವುವು, ಅವನ್ನು ಗುರುತಿಸುವುದು ಹೇಗೆ? ಅವುಗಳಲ್ಲಿ ನಟಿಸಿದ ಮಕ್ಕಳಿಗೆ ಆಮೇಲೆ ಏನಾಗುತ್ತದೆ? ಮಗಳಿಗೆ 13 ವರ್ಷ. ಅವಳ ಜೊತೆ ಕೂತು ನೋಡುವಂಥದ್ದು ಯಾವುದಾದರೂ ಇದೆಯೇ?

ಉತ್ತರ: ಕೋಟಿ ಗೆಲ್ಲುವ ಹುಡುಗನ ಚಿತ್ರ 2008ರ ‘ಸ್ಲಮ್‌ಡಾಗ್ ಮಿಲಿಯನೇರ್’ ಇರಬೇಕು ಅಂದುಕೊಳ್ಳುತ್ತೇನೆ. ಅದು ಬೀದಿಯಲ್ಲಿ ಶುರುವಾಗುವ ಕಟ್ಟುಕಥೆ. ಹಾಗೆಂದು ಅದು ಮುಚ್ಚಿಟ್ಟುಕೊಳ್ಳುವುದೂ ಇಲ್ಲ, ಆದ್ದರಿಂದ ನನಗೆ ಅದರ ಮೇಲೆ ದೊಡ್ಡ ತಕರಾರಿಲ್ಲ. ತಕರಾರಿರುವುದು ಎರಡನೇ ಬಗೆಯ ಮೇಲೆ. ಹರಿದ ಅಂಗಿ, ಕೆದರಿದ ಕೂದಲು, ಕಸದ ರಾಶಿ, ಮೇಲೊಂದು ಪಿಟೀಲು. ಇಷ್ಟನ್ನು ಯಾವ ಕಲಾ ನಿರ್ದೇಶಕ ಬೇಕಾದರೂ ಅರ್ಧ ದಿನದಲ್ಲಿ ಹೊಂದಿಸಿ ಕೊಡುತ್ತಾನೆ. ಕೊಳೆ ಕಂಡ ಕೂಡಲೇ ‘ನೈಜ ಚಿತ್ರ’ ಎಂದು ಬರೆಯುವ ಅಭ್ಯಾಸ ನಮ್ಮ ವಿಮರ್ಶಕರಿಗೂ ಇದೆ.

ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಈ ಹುಡುಗ ಇವತ್ತು ಎಷ್ಟು ದುಡಿದ, ಅದನ್ನು ಎಲ್ಲಿ ಬಚ್ಚಿಟ್ಟ, ಯಾರು ಕಿತ್ತುಕೊಂಡರು, ರಾತ್ರಿ ಎಲ್ಲಿ ಮಲಗಿದ, ಪಕ್ಕದಲ್ಲಿ ಯಾರು ಮಲಗಿದ್ದರು? ನಿರ್ದೇಶಕನಿಗೆ ಇದರ ಲೆಕ್ಕ ಗೊತ್ತಿದ್ದರೆ ಚಿತ್ರವನ್ನು ನಂಬಬಹುದು. ಗೊತ್ತಿಲ್ಲದಿದ್ದರೆ ಆ ಲೆಕ್ಕದ ಜಾಗವನ್ನು ಕಣ್ಣೀರು ತುಂಬುತ್ತದೆ. ಬೀದಿಯಲ್ಲಿರುವ ಮಗುವಿಗೆ ಅಳುತ್ತ ಕೂರಲು ಹೊತ್ತಿರುವುದಿಲ್ಲ. ಮೊದಲು ಮಧ್ಯಾಹ್ನದ ಊಟಕ್ಕೆ ದಾರಿ ಆಗಬೇಕು.

ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ (1988) ಈ ಅಳತೆಗೆ ಚೆನ್ನಾಗಿ ನಿಲ್ಲುತ್ತದೆ. ಸರ್ಕಸ್ ಕಂಪನಿ ಬಿಟ್ಟುಹೋದ ಕೃಷ್ಣ ಎಂಬ ಹುಡುಗ ಬೊಂಬಾಯಿಗೆ ಬಂದಿಳಿಯುತ್ತಾನೆ. ಮನೆಗೆ ಮರಳಲು ಅವನಿಗೆ 500 ರೂಪಾಯಿ ಬೇಕು. ಇಡೀ ಚಿತ್ರ ಈ ಒಂದು ಮೊತ್ತದ ಸುತ್ತ ಓಡುತ್ತದೆ. ಅವನು ಚಹಾ ಹಂಚುತ್ತಾನೆ, ಕೋಳಿ ಅಂಗಡಿಯಲ್ಲಿ ದುಡಿಯುತ್ತಾನೆ, ಮದುವೆ ಊಟಕ್ಕೆ ತಟ್ಟೆ ಎತ್ತುತ್ತಾನೆ, ಒಮ್ಮೆ ಕಳ್ಳತನಕ್ಕೂ ಜೊತೆಯಾಗುತ್ತಾನೆ. ಕೂಡಿಟ್ಟ ದುಡ್ಡನ್ನು ಕೊನೆಗೆ ಕದಿಯುವವನು ಯಾವ ರೌಡಿಯೂ ಅಲ್ಲ, ಅವನನ್ನು ತಮ್ಮನಂತೆ ನೋಡಿಕೊಂಡ ಚಿಲ್ಲಮ್. ಆ ಪಾತ್ರದಲ್ಲಿ ರಘುವೀರ್ ಯಾದವ್ ಇದ್ದಾರೆ. ಅವನಿಗೆ ಮಾದಕದ ಚಟ. ಅದೇ ಚಿತ್ರದಲ್ಲಿ ಕೃಷ್ಣ ಅಮ್ಮನಿಗೆ ಕಾಗದ ಬರೆಸುವ ದೃಶ್ಯವಿದೆ. ಬರೆದುಕೊಡುವವನು ಕಾಸು ತೆಗೆದುಕೊಂಡು, ಹುಡುಗ ಆಚೆ ಹೋದ ಮೇಲೆ ಕಾಗದವನ್ನು ಮುದುರಿ ಎಸೆಯುತ್ತಾನೆ, ಏಕೆಂದರೆ ಹುಡುಗನಿಗೆ ಸರಿಯಾದ ವಿಳಾಸವೇ ಗೊತ್ತಿಲ್ಲ. ಅಲ್ಲಿ ಯಾರೂ ಅಳುವುದಿಲ್ಲ. ನಾಯರ್ ಬೀದಿಯ ಮಕ್ಕಳನ್ನೇ ಆರಿಸಿ, ರಂಗಕರ್ಮಿ ಬ್ಯಾರಿ ಜಾನ್ ಅವರ ಕೈಯಲ್ಲಿ ತರಬೇತಿ ಕೊಡಿಸಿ ಈ ಚಿತ್ರ ಮಾಡಿದರು. ಸೂನಿ ತಾರಾಪೋರ್‌ವಾಲಾ ಚಿತ್ರಕಥೆಯ ಈ ಚಿತ್ರಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶಕರ ಮೊದಲ ಚಿತ್ರಕ್ಕೆ ಕೊಡುವ ‘ಕ್ಯಾಮೆರಾ ಡಿ’ಓರ್’ ಬಂತು, ಆಸ್ಕರ್‌ಗೂ ನಾಮನಿರ್ದೇಶನವಾಯಿತು.

ದುಡಿಮೆಯನ್ನು ಇಷ್ಟೇ ಗಂಭೀರವಾಗಿ ನೋಡಿದ ಇನ್ನೊಬ್ಬ ನಿರ್ದೇಶಕ ಇರಾನಿನ ಅಮೀರ್ ನಾದರಿ. 1984ರ ‘ದಿ ರನ್ನರ್’ ಚಿತ್ರದ ಅಮೀರೊ ಬಂದರು ಊರಿನಲ್ಲಿ, ಕೈಬಿಟ್ಟ ಹಡಗೊಂದರಲ್ಲಿ ಒಬ್ಬನೇ ವಾಸ ಮಾಡುತ್ತಾನೆ. ನೀರಲ್ಲಿ ತೇಲಿಬರುವ ಖಾಲಿ ಬಾಟಲಿ ಹೆಕ್ಕುತ್ತಾನೆ, ತಣ್ಣೀರು ಮಾರುತ್ತಾನೆ, ಬೂಟು ಉಜ್ಜುತ್ತಾನೆ. ನೀರು ಕುಡಿದವನೊಬ್ಬ ದುಡ್ಡು ಕೊಡದೆ ಸೈಕಲ್ ಏರಿ ಹೊರಟಾಗ, ಒಂದೇ ಒಂದು ನಾಣ್ಯಕ್ಕಾಗಿ ಹುಡುಗ ಉಸಿರು ಕಟ್ಟಿ ಬೆನ್ನಟ್ಟುತ್ತಾನೆ. ನಾದರಿ ತಾವೇ ಅಬಾದಾನ್‌ನಲ್ಲಿ ಹಾಗೆ ಬೆಳೆದವರು. ಆ ನಾಣ್ಯದ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇನ್ನೊಂದು ಕಾರಣಕ್ಕೂ ಈ ಚಿತ್ರ ನನಗೆ ಇಷ್ಟ. ಇದರಲ್ಲಿ ಖುಷಿ ಇದೆ. ಬೀದಿ ಮಕ್ಕಳು ನಗುತ್ತಾರೆ, ಪಂದ್ಯ ಕಟ್ಟುತ್ತಾರೆ, ಜಂಬ ಕೊಚ್ಚುತ್ತಾರೆ. ಕರುಣೆಯಿಂದ ತೆಗೆದ ಚಿತ್ರಗಳಿಗೆ ಈ ನಗು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದೇ ಇಲ್ಲ.

ಬುದ್ಧಿವಂತಿಕೆಯೂ ಅಷ್ಟೇ. ಅಮೆರಿಕದ ಸಿಯಾಟಲ್ ನಗರದಲ್ಲಿ ತೆಗೆದ ‘ಸ್ಟ್ರೀಟ್‌ವೈಸ್’ (1984) ಎಂಬ ಸಾಕ್ಷ್ಯಚಿತ್ರದಲ್ಲಿ ಹುಡುಗರು ಹೊಟ್ಟೆ ತುಂಬಿಸಿಕೊಳ್ಳುವ ಒಂದು ಉಪಾಯ ಬಿಚ್ಚಿಡುತ್ತಾರೆ. ಫೋನಿನಲ್ಲಿ ಪೀಟ್ಜಾಕ್ಕೆ ಹೇಳುವುದು, ತೆಗೆದುಕೊಳ್ಳಲು ಹೋಗದಿರುವುದು, ಅಂಗಡಿಯವರು ಬೇಸತ್ತು ಹಿಂದಿನ ತೊಟ್ಟಿಗೆ ಎಸೆದ ಮೇಲೆ ಹೋಗಿ ಎತ್ತಿಕೊಳ್ಳುವುದು. ಯಾವ ಚಿತ್ರಕಥೆಗಾರನೂ ಕೋಣೆಯಲ್ಲಿ ಕೂತು ಇದನ್ನು ಹೊಸೆಯಲಾರ. ಛಾಯಾಗ್ರಾಹಕಿ ಮೇರಿ ಎಲೆನ್ ಮಾರ್ಕ್ 1983ರಲ್ಲಿ ‘ಲೈಫ್’ ಪತ್ರಿಕೆಗಾಗಿ ಆ ಮಕ್ಕಳ ಜೊತೆ ಓಡಾಡಿದ್ದರು. ಅವರ ಪತಿ ಮಾರ್ಟಿನ್ ಬೆಲ್ ಮುಂದೆ ಕ್ಯಾಮೆರಾ ಹಿಡಿದು ಚಿತ್ರ ಮಾಡಿದರು.

ಈಗ ಈ ಸಾಲಿನ ಮುಖ್ಯ ಚಿತ್ರಕ್ಕೆ ಬರುತ್ತೇನೆ. ಒಂದೇ ಒಂದು ಹೆಸರು ಹೇಳಿ ಎಂದರೆ ನಾನು ಲೂಯಿ ಬುನ್ಯುಯೆಲ್ ಅವರ ‘ಲೋಸ್ ಓಲ್ವಿದಾದೋಸ್’ (1950) ಎನ್ನುತ್ತೇನೆ. ಮೆಕ್ಸಿಕೋ ನಗರದ ಅಂಚಿನ ಕೇರಿಗಳಲ್ಲಿ ನಡೆಯುವ ಕಥೆ. ಹೈಬೋ ಎಂಬ ದೊಡ್ಡ ಹುಡುಗ ರಿಮ್ಯಾಂಡ್ ಹೋಮ್‌ನಿಂದ ತಪ್ಪಿಸಿಕೊಂಡು ಬಂದು ತನ್ನನ್ನು ಹಿಡಿದುಕೊಟ್ಟವನೆಂದು ಒಬ್ಬನನ್ನು ಕೊಲ್ಲುತ್ತಾನೆ. ಅದನ್ನು ಕಂಡ ಚಿಕ್ಕ ಹುಡುಗ ಪೆದ್ರೊ ಅಲ್ಲಿಂದ ಮುಂದೆ ಅವನ ಹಿಡಿತದಿಂದ ಬಿಡಿಸಿಕೊಳ್ಳಲಾರ. ಈ ಚಿತ್ರದಲ್ಲಿ ಬಡವರು ಒಳ್ಳೆಯವರು ಎಂಬ ರಿಯಾಯಿತಿ ಯಾರಿಗೂ ಸಿಗುವುದಿಲ್ಲ. ಹುಡುಗರು ಕುರುಡನೊಬ್ಬನಿಗೆ ಕಲ್ಲು ಹೊಡೆಯುತ್ತಾರೆ. ಆ ಕುರುಡನೂ ಪಾಪದವನಲ್ಲ, ಲಂಪಟ, ಕ್ರೂರಿ. ಹಳ್ಳಿಯಿಂದ ಕರೆತಂದ ಅಪ್ಪ ಸಂತೆಯಲ್ಲಿ ಕೂರಿಸಿ ಹೋಗಿಬಿಟ್ಟ ಒಬ್ಬ ಪುಟ್ಟ ಹುಡುಗ ಅವನ ಕೈಗೆ ಸಿಕ್ಕು ದುಡಿಯುತ್ತಾನೆ. ತಾಯಿ ಮಗನಿಗೆ ಊಟ ಇಕ್ಕುವುದಿಲ್ಲ, ಮಗ ಕನಸಿನಲ್ಲಿ ಅವಳ ಕೈಯಿಂದ ಹಸಿ ಮಾಂಸದ ತುಂಡು ಪಡೆಯುತ್ತಾನೆ. ನೈಜ ಚಿತ್ರದಲ್ಲಿ ಕನಸಿಗೇನು ಕೆಲಸ ಎಂದು ಕೇಳಬಹುದು. ಹಸಿದ ಮಗು ಕನಸು ಕಾಣುವುದೂ ನಿಜದ ಭಾಗವೇ ತಾನೆ?

ಮಕ್ಕಳೇ ಕೈಯಿಂದ ತಳ್ಳಿ ತಿರುಗಿಸುವ ಕುದುರೆ ರಾಟೆ ಈ ಚಿತ್ರದಲ್ಲಿದೆ. ಕಾಸಿದ್ದ ಮಕ್ಕಳು ಮೇಲೆ ಕೂತು ಸುತ್ತುತ್ತಾರೆ, ಪೆದ್ರೊನಂಥವರು ತಳ್ಳುತ್ತಾರೆ. ಅದರ ಬಗ್ಗೆ ಒಂದು ಮಾತೂ ಆಡದೆ ಬುನ್ಯುಯೆಲ್ ಮುಂದೆ ಹೋಗಿಬಿಡುತ್ತಾರೆ. ಆಮೇಲಿನ ಒಂದು ದೃಶ್ಯವನ್ನು ಗಮನವಿಟ್ಟು ನೋಡಿ. ಪೆದ್ರೊನನ್ನು ತಿದ್ದಲೆಂದು ಸೇರಿಸಿದ ಸುಧಾರಣಾ ಶಾಲೆಯ ಮುಖ್ಯಸ್ಥ ಅವನ ಕೈಗೆ 50 ಪೆಸೊ ಕೊಟ್ಟು ಸಿಗರೇಟು ತರಲು ಹೊರಗೆ ಕಳಿಸುತ್ತಾನೆ. ನಂಬಿದರೆ ಹುಡುಗ ಮರಳಿ ಬರುತ್ತಾನೆ ಎಂಬುದು ಅವನ ಲೆಕ್ಕ. ಹುಡುಗನೂ ಬರುವವನೇ. ಆದರೆ ಗೇಟಿನಾಚೆ ಹೈಬೋ ಕಾದಿದ್ದಾನೆ. ಒಬ್ಬ ಒಳ್ಳೆಯ ಅಧಿಕಾರಿ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎನ್ನುವ ಚಿತ್ರಗಳಿಗೆ ಇದಕ್ಕಿಂತ ಗಟ್ಟಿ ಉತ್ತರ ನಾನು ಕಂಡಿಲ್ಲ.

ಮೆಕ್ಸಿಕೋದಲ್ಲಿ ಇದು ತೆರೆಕಂಡಾಗ ದೇಶದ ಮಾನ ಕಳೆದರೆಂದು ಗಲಾಟೆಯಾಯಿತು, ಕೆಲವೇ ದಿನಗಳಲ್ಲಿ ಚಿತ್ರಮಂದಿರದಿಂದ ಎತ್ತಿದರು. ಮರುವರ್ಷ ಕಾನ್‌ನಲ್ಲಿ ಕವಿ ಒಕ್ತಾವಿಯೊ ಪಾಸ್ ಚಿತ್ರದ ಪರವಾಗಿ ಲೇಖನ ಬರೆದು ಹಂಚಿದರು. ಬುನ್ಯುಯೆಲ್‌ಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಸಿಕ್ಕಿತು. ಪ್ರಶಸ್ತಿ ಬಂದ ಮೇಲೆ ಊರಿನವರಿಗೂ ಚಿತ್ರ ಚೆನ್ನಾಗಿ ಕಂಡಿತು, ಅದು ಎಲ್ಲ ಕಡೆ ಇರುವ ಚಾಳಿ. 2003ರಲ್ಲಿ ಯುನೆಸ್ಕೊ ಇದನ್ನು ತನ್ನ ‘ವಿಶ್ವ ಸ್ಮೃತಿ’ ಪಟ್ಟಿಗೆ ಸೇರಿಸಿತು. ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ಈ ಚಿತ್ರಕ್ಕೆ ಒಂದು ಸುಖಾಂತ್ಯವನ್ನೂ ಚಿತ್ರೀಕರಿಸಿ ಇಡಲಾಗಿತ್ತು. ಅದರಲ್ಲಿ ಹೈಬೋ ಸಾಯುತ್ತಾನೆ, ಪೆದ್ರೊ 50 ಪೆಸೊ ಮರಳಿ ಪಡೆದು ಶಾಲೆಗೆ ಹಿಂತಿರುಗುತ್ತಾನೆ. ದಶಕಗಳ ನಂತರ ಆ ರೀಲು ಸಿಕ್ಕಿತು. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ, ಕೊನೆಯ ಕೆಲವು ನಿಮಿಷ ಬದಲಾದರೆ ಇಡೀ ಚಿತ್ರ ಹೇಗೆ ಸುಳ್ಳಾಗುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಬುನ್ಯುಯೆಲ್‌ಗಿಂತ ಮುಂಚೆ ಇಟಲಿಯಲ್ಲಿ ವಿತ್ತೋರಿಯೊ ದ ಸೀಕಾ ‘ಶೂಶೈನ್’ (1946) ಮಾಡಿದ್ದರು. ಯುದ್ಧ ಮುಗಿದ ರೋಮ್, ಅಮೆರಿಕನ್ ಸೈನಿಕರ ಬೂಟು ಉಜ್ಜುವ ಇಬ್ಬರು ಗೆಳೆಯರು, ಕುದುರೆಯೊಂದನ್ನು ಕೊಳ್ಳುವ ಆಸೆ. ಕದ್ದ ಕಂಬಳಿ ಮಾರಿದ ತಪ್ಪಿಗೆ ಇಬ್ಬರೂ ಮಕ್ಕಳ ಜೈಲಿಗೆ ಬೀಳುತ್ತಾರೆ. ಅಧಿಕಾರಿಗಳು ಒಬ್ಬನ ಬಾಯಿ ಬಿಡಿಸಲು ಪಕ್ಕದ ಕೋಣೆಯಲ್ಲಿ ಅವನ ಗೆಳೆಯನನ್ನು ಹೊಡೆಯುತ್ತಿರುವಂತೆ ಸದ್ದು ಮಾಡಿಸುತ್ತಾರೆ. ಅಲ್ಲಿ ಏಟು ಬೀಳುತ್ತಿರುವುದು ಒಂದು ಮೂಟೆಗೆ. ಗೆಳೆಯನನ್ನು ಉಳಿಸಲು ಹುಡುಗ ಬಾಯಿ ಬಿಡುತ್ತಾನೆ, ಗೆಳೆತನ ಅಲ್ಲಿಗೆ ಮುರಿಯುತ್ತದೆ. ಬೀದಿಯಲ್ಲಿ ಹಸಿವಿತ್ತು, ಆದರೆ ಒಬ್ಬರಿಗೊಬ್ಬರು ಇದ್ದರು. ರಕ್ಷಣೆಗೆಂದು ಕಟ್ಟಿದ ಗೋಡೆಯೊಳಗೆ ಅದೂ ಹೋಯಿತು.

ಈ ಎಳೆಯನ್ನು ಹಿಡಿದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಬೇರೆ ಬೇರೆ ದೇಶ, ಬೇರೆ ಬೇರೆ ಕಾಲ, ಆದರೂ ಒಳ್ಳೆಯ ಚಿತ್ರಗಳಲ್ಲಿ ಅತಿ ಭಯಾನಕವಾದ ಜಾಗ ಬೀದಿಯಾಗಿರುವುದು ಅಪರೂಪ. ‘ಸಲಾಂ ಬಾಂಬೆ’ಯ ಮಕ್ಕಳೂ ಪೊಲೀಸರ ಕೈಗೆ ಸಿಕ್ಕು ಹೋಮ್ ಸೇರುತ್ತಾರೆ, ಕೃಷ್ಣ ಗೋಡೆ ಹಾರುತ್ತಾನೆ. ಬ್ರೆಜಿಲ್‌ನ ಹೆಕ್ಟರ್ ಬಾಬೆಂಕೊ ಅವರ ‘ಪಿಶೋಟಿ’ಯಲ್ಲಂತೂ (1980) ಚಿತ್ರದ ಮೊದಲರ್ಧ ಪೂರ್ತಿ ಸುಧಾರಣಾ ಗೃಹದ ಒಳಗೇ ನಡೆಯುತ್ತದೆ. ಅತ್ಯಾಚಾರ, ಕೊಲೆ, ಅದನ್ನು ಮುಚ್ಚಿಹಾಕುವ ಅಧಿಕಾರಿಗಳು. ಅದನ್ನೆಲ್ಲ ಕಣ್ಣು ಪಿಳುಕಿಸದೆ ನೋಡುತ್ತ ನಿಂತ ಸುಮಾರು ಹತ್ತರ ಹುಡುಗ ಹೊರಗೆ ಬಂದಾಗ, ಕಳ್ಳತನ ಅವನಿಗೆ ಪಾಠ ಮುಗಿಸಿ ಹಿಡಿದ ಕೆಲಸದಂತಿರುತ್ತದೆ. ಚಿತ್ರದ ಆರಂಭದಲ್ಲಿ ನಿರ್ದೇಶಕರೇ ಕ್ಯಾಮೆರಾ ಮುಂದೆ ನಿಂತು ದೇಶದ ಮಕ್ಕಳ ಸ್ಥಿತಿ ಹೇಳಿ, ಈ ಹುಡುಗನ ಮನೆ ಇದೇ ಕೇರಿಯಲ್ಲಿದೆ ಎಂದು ತೋರಿಸುತ್ತಾರೆ. ಭಾಷಣ ಸ್ವಲ್ಪ ಉದ್ದವಾಯಿತು ಅನ್ನಿಸುವ ಹೊತ್ತಿಗೆ ಆ ಹುಡುಗನ ಮುಖ ಬರುತ್ತದೆ. ಆ ಮುಖದ ಮುಂದೆ ಭಾಷಣ ಮರೆತೇಹೋಗುತ್ತದೆ.

ಆ ಹುಡುಗ ಫೆರ್ನಾಂದೊ ರಾಮೋಸ್ ದ ಸಿಲ್ವಾ. ನಟಿಸಿದ ಮಕ್ಕಳಿಗೆ ಆಮೇಲೆ ಏನಾಗುತ್ತದೆ ಎಂದು ನೀವು ಕೇಳಿದ್ದಕ್ಕೆ ಅತ್ಯಂತ ಕಹಿ ಉತ್ತರ ಇವನದು. ಚಿತ್ರ ಜಗತ್ತೆಲ್ಲ ಹೆಸರು ಮಾಡಿತು. ಹುಡುಗನಿಗೆ ಟಿವಿಯಲ್ಲಿ ಒಂದಿಷ್ಟು ಅವಕಾಶ ಬಂತು, ಆದರೆ ಓದು ಬರಹ ನೆಟ್ಟಗೆ ಬಾರದವನಿಗೆ ಸಂಭಾಷಣೆ ಕಲಿಯುವುದೇ ಕಷ್ಟವಾಯಿತು. ಹಳೆಯ ಕೇರಿಗೇ ಮರಳಿದ. 1987ರ ಆಗಸ್ಟ್‌ನಲ್ಲಿ, 19ನೇ ವಯಸ್ಸಿಗೆ, ಪೊಲೀಸರ ಗುಂಡಿಗೆ ಸತ್ತ. ಪ್ರತಿರೋಧಿಸಿದ ಎಂದು ಪೊಲೀಸರು ಹೇಳಿದರು, ಮನೆಯವರು ಒಪ್ಪಲಿಲ್ಲ. ಅವನ ಬದುಕಿನ ಮೇಲೆ 1996ರಲ್ಲಿ ಇನ್ನೊಂದು ಚಿತ್ರವೂ ಬಂತು. ಕೊಲಂಬಿಯಾದ ವಿಕ್ತೋರ್ ಗವೀರಿಯಾ ಮೆದೆಯೀನ್ ನಗರದ ಹುಡುಗರನ್ನು ಹಾಕಿಕೊಂಡು ಮಾಡಿದ ‘ರೊದ್ರಿಗೊ ಡಿ’ (1990) ಚಿತ್ರದ ಕಥೆಯೂ ಬೇರೆಯಲ್ಲ. ಅದರಲ್ಲಿ ನಟಿಸಿದ ಹಲವು ಹುಡುಗರು ಇಪ್ಪತ್ತು ತುಂಬುವ ಮೊದಲೇ ಕೊಲೆಯಾದರು. ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ.

‘ಸಲಾಂ ಬಾಂಬೆ’ಯಲ್ಲಿ ಕೃಷ್ಣನಾಗಿ ನಟಿಸಿದ ಶಫೀಕ್ ಸಯ್ಯದ್ ಕಥೆ ಇಷ್ಟು ಕರಾಳವಲ್ಲ, ಹಾಗಂತ ಸಿನಿಮೀಯವೂ ಅಲ್ಲ. ಬೆಂಗಳೂರಿನಿಂದ ಓಡಿಹೋಗಿ ಬೊಂಬಾಯಿಯ ಬೀದಿಯಲ್ಲಿದ್ದ ಹುಡುಗ, ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದ. ಮುಂದೆ ಸಿನಿಮಾ ಅವನ ಕೈಹಿಡಿಯಲಿಲ್ಲ. ಬೆಂಗಳೂರಿಗೆ ಮರಳಿ ಆಟೊ ಓಡಿಸಿ ಸಂಸಾರ ನಡೆಸಿದರು. ಪತ್ರಿಕೆಗಳು ಇದನ್ನು ಪ್ರತಿ ಸಲ ‘ದುರಂತ’ ಎಂದೇ ಬರೆಯುತ್ತವೆ. ದುಡಿದು ತಿನ್ನುವ ಆಟೊ ಚಾಲಕನ ಬದುಕು ಅದು ಹೇಗೆ ದುರಂತವಾಯಿತೋ ನನಗೆ ತಿಳಿಯದು. ಇತ್ತ ನಾಯರ್ ಕುಟುಂಬ 1988ರಲ್ಲೇ ಬೀದಿ ಮಕ್ಕಳಿಗಾಗಿ ‘ಸಲಾಂ ಬಾಲಕ್ ಟ್ರಸ್ಟ್’ ಶುರು ಮಾಡಿತು, ಅದು ಇವತ್ತಿಗೂ ನಡೆಯುತ್ತಿದೆ. ಒಂದು ಚಿತ್ರ ಒಬ್ಬ ನಟನ ಬದುಕನ್ನು ಬದಲಿಸುವುದಕ್ಕಿಂತ ಇಂಥ ಸಂಸ್ಥೆ ಹೆಚ್ಚು ಮಕ್ಕಳನ್ನು ತಲುಪುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೂ ನಟಿಸಿದ ಮಗುವಿನ ಓದು, ಸಂಬಳ, ಚಿತ್ರೀಕರಣ ಮುಗಿದ ಮೇಲಿನ ವರ್ಷಗಳ ಬಗ್ಗೆ ನಿರ್ಮಾಪಕರು ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಬೇಕು. ‘ಪಿಶೋಟಿ’ ಆದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಎಂಬ ನೆಪ ಯಾವ ನಿರ್ದೇಶಕನಿಗೂ ಉಳಿದಿಲ್ಲ.

ಲೆಬನಾನ್‌ನ ನದೀನ್ ಲಬಕಿ ಅವರ ‘ಕಪೆರ್ನೌಮ್’ (2018) ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಬೈರೂತ್‌ನಲ್ಲಿ ನಿರಾಶ್ರಿತನಾಗಿದ್ದ ಸಿರಿಯಾದ ಹುಡುಗ ಝೈನ್ ಅದರ ನಾಯಕನಾಗಿ ನಟಿಸಿದ. ಚಿತ್ರ ಮುಗಿದ ಮೇಲೆ ಅವನ ಕುಟುಂಬಕ್ಕೆ ನಾರ್ವೆಯಲ್ಲಿ ನೆಲೆ ಸಿಕ್ಕಿತು. 500 ಗಂಟೆಗೂ ಮೀರಿ ಚಿತ್ರೀಕರಿಸಿ ಅದರಿಂದ ಎರಡು ಗಂಟೆಯ ಚಿತ್ರ ಹೆಣೆದದ್ದು. ಅದರ ಗುಣ ಕೂಸಿನ ದೃಶ್ಯಗಳಲ್ಲಿ ಗೊತ್ತಾಗುತ್ತದೆ. ತನಗೆ ಆಸರೆ ಕೊಟ್ಟ ಹೆಂಗಸು ಬಂಧನಕ್ಕೊಳಗಾಗಿ ಮನೆಗೆ ಬಾರದಾಗ, ಹುಡುಗ ಅವಳ ಕೂಸನ್ನು ಹೊತ್ತು, ಎಳೆದು, ಹಾಲಿಲ್ಲದೆ ಮಂಜುಗಡ್ಡೆಗೆ ಸಕ್ಕರೆ ಸವರಿ ಚೀಪಿಸಿ ಸಾಕುತ್ತಾನೆ. ಆ ತಾಯಿಯ ಪಾತ್ರ ಮಾಡಿದವರನ್ನೂ ಚಿತ್ರೀಕರಣದ ನಡುವೆಯೇ ದಾಖಲೆಪತ್ರ ಇಲ್ಲವೆಂದು ಬಂಧಿಸಿದ್ದರು. ಆದರೆ ಹುಡುಗ ‘ನನ್ನನ್ನು ಹುಟ್ಟಿಸಿದ್ದಕ್ಕೆ’ ಎಂದು ಹೆತ್ತವರ ಮೇಲೆ ದಾವೆ ಹೂಡುವ ಕೋರ್ಟಿನ ಚೌಕಟ್ಟು ನನಗೆ ಸರಿಬರಲಿಲ್ಲ. ಬೀದಿಯಲ್ಲಿ ತಾನಾಗಿ ಮಾತಾಡುತ್ತಿದ್ದ ಹುಡುಗ ಕಟಕಟೆಯಲ್ಲಿ ನಿಂತ ಕೂಡಲೇ ಬೇರೆ ಯಾರೋ ಬರೆದುಕೊಟ್ಟದ್ದನ್ನು ಹೇಳುತ್ತಾನೆ.

ಗುಂಪಿನ ವಿಷಯ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಬೀದಿಯಲ್ಲಿ ಒಬ್ಬನೇ ಉಳಿಯುವ ಮಗು ಕಡಿಮೆ. ಗುಂಪು ಕಾಯುತ್ತದೆ, ಅದೇ ಗುಂಪು ಸುಲಿಗೆಯನ್ನೂ ಮಾಡುತ್ತದೆ. ಮೊರಾಕ್ಕೊದ ನಬೀಲ್ ಅಯೂಶ್ ಅವರ ‘ಅಲಿ ಜಾವಾ’ (2000) ಇದನ್ನು ಚೆನ್ನಾಗಿ ಅರಿತಿದೆ. ಕಾಸಾಬ್ಲಾಂಕಾದಲ್ಲಿ ದೊಡ್ಡ ಗುಂಪನ್ನು ಬಿಟ್ಟುಬಂದ ನಾಲ್ವರಲ್ಲಿ ಒಬ್ಬ ಕಲ್ಲೇಟಿಗೆ ಸಾಯುತ್ತಾನೆ. ಉಳಿದ ಮೂವರು ಅವನನ್ನು ರಾಜಕುಮಾರನಂತೆ ಮಣ್ಣು ಮಾಡಬೇಕೆಂದು ಹೊರಡುತ್ತಾರೆ. ಹೆಣ, ಗೋಂದು ಮೂಸುವ ಚಟ, ಬಡಿದಾಟ ಎಲ್ಲ ಇದ್ದೂ ಚಿತ್ರ ಎತ್ತರದಲ್ಲಿ ನಿಲ್ಲುತ್ತದೆ, ಏಕೆಂದರೆ ಈ ಮಕ್ಕಳಿಗೆ ಹಸಿವಿನಷ್ಟೇ ಮರ್ಯಾದೆಯ ಚಿಂತೆಯೂ ಇದೆ. ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನ ಮೆಟ್ರೊ ನಿಲ್ದಾಣದಲ್ಲಿ ವಾಸಿಸುವ ಐವರು ಮಕ್ಕಳನ್ನು ಹಿಂಬಾಲಿಸಿದ ‘ಚಿಲ್ಡ್ರನ್ ಅಂಡರ್‌ಗ್ರೌಂಡ್’ (2001) ಸಾಕ್ಷ್ಯಚಿತ್ರದಲ್ಲಿ ಅಂಥ ಎತ್ತರವೂ ಇಲ್ಲ. ಮಕ್ಕಳು ನಶೆಗಾಗಿ ಚೀಲದಲ್ಲಿ ಹಾಕಿದ ಪೇಂಟ್ ಮೂಸುತ್ತಾರೆ, ಹೊಡೆಸಿಕೊಳ್ಳುತ್ತಾರೆ, ಎಡೆಟ್ ಬೆಲ್ಜ್‌ಬರ್ಗ್ ಅವರ ಕ್ಯಾಮೆರಾ ನೋಡುತ್ತಲೇ ಇರುತ್ತದೆ. ಹಿನ್ನೆಲೆಯಲ್ಲಿ 1966ರ ಕಾನೂನೊಂದಿದೆ. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ ಗರ್ಭಪಾತ ನಿಷೇಧಿಸಿ ಜನಸಂಖ್ಯೆ ಹೆಚ್ಚಿಸಹೊರಟಿತ್ತು, ಸಾಕಲಾಗದ ಮಕ್ಕಳು ಅನಾಥಾಲಯ ತುಂಬಿದರು. ಹೊಡೆತ ಬೀಳುತ್ತಿರುವಾಗ ಕ್ಯಾಮೆರಾ ಕೆಳಗಿಟ್ಟು ಬಿಡಿಸಬೇಕಿತ್ತಲ್ಲವೇ ಎಂದು ನೋಡಿದವರೆಲ್ಲ ಕೇಳುತ್ತಾರೆ. ನನಗೂ ಬಿಡಿಸಬೇಕಿತ್ತು ಎಂದೇ ಅನ್ನಿಸುತ್ತದೆ.

ಈ ಮಕ್ಕಳು ದೊಡ್ಡವರಾದರೆ ಏನಾಗುತ್ತಾರೆ ಎಂದು ಕೇಳುವ ಚಿತ್ರ ಒಂದಿದೆ, ಜೋಸೆ ಪಾದಿಲ್ಯಾ ಅವರ ‘ಬಸ್ 174’ (2002). 2000ನೇ ಇಸವಿಯಲ್ಲಿ ಬ್ರೆಜಿಲ್‌ನ ರಿಯೊ ನಗರದ ಬಸ್ಸೊಂದನ್ನು ಒತ್ತೆಯಿಟ್ಟುಕೊಂಡ ಯುವಕನ ಹಿಂದೆ ಹೋದರೆ, 1993ರಲ್ಲಿ ಕಾಂದೆಲಾರಿಯಾ ಚರ್ಚ್ ಎದುರು ಮಲಗಿದ್ದ ಬೀದಿ ಮಕ್ಕಳ ಮೇಲೆ ನಡೆದ ಹತ್ಯಾಕಾಂಡದಲ್ಲಿ ಬದುಕುಳಿದ ಹುಡುಗ ಸಿಗುತ್ತಾನೆ. ಅಂದು ಎಂಟು ಜನ ಸತ್ತಿದ್ದರು. ‘ಪಿಶೋಟಿ’ ನೋಡಿದವರು ಇದನ್ನು ತಪ್ಪದೆ ನೋಡಬೇಕು.

ಕನ್ನಡದಲ್ಲಿ ಪೃಥ್ವಿ ಕೊಣನೂರು ಅವರ ‘ರೈಲ್ವೆ ಚಿಲ್ಡ್ರನ್’ ಇದೆ. ಮನೆ ಬಿಟ್ಟು ಬಂದು ರೈಲು ನಿಲ್ದಾಣದ ಗುಂಪಿಗೆ ಸೇರುವ ಹುಡುಗನ ಕಥೆ. ಇಂಥ ಮಕ್ಕಳ ಕುರಿತ ಪುಸ್ತಕವನ್ನು ಆಧರಿಸಿದ್ದು, ಹಾಗಾಗಿ ನಾನು ಹೇಳಿದ ಲೆಕ್ಕ ಅದಕ್ಕೆ ಗೊತ್ತು. ಅದರಲ್ಲಿ ನಟಿಸಿದ ಮನೋಹರನಿಗೆ 2016ನೇ ಸಾಲಿನ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಸಿಗಬೇಕಾದಷ್ಟು ಪ್ರೇಕ್ಷಕರು ಮಾತ್ರ ಅದಕ್ಕೆ ಸಿಗಲಿಲ್ಲ.

ಮಗಳ ಜೊತೆ ನೋಡಲು ‘ದಿ ರನ್ನರ್’ನಿಂದ ಶುರು ಮಾಡಿ. ಮಾತು ಕಡಿಮೆ, ಓಟ ಹೆಚ್ಚು, ಭಾಷೆ ಅಡ್ಡ ಬರುವುದಿಲ್ಲ. ಆಮೇಲೆ ರಾಜ್ ಕಪೂರ್ ನಿರ್ಮಾಣದ ‘ಬೂಟ್ ಪಾಲಿಶ್’ (1954) ನೋಡಬಹುದು. ಭಿಕ್ಷೆ ಬಿಟ್ಟು ದುಡಿಯಲು ಹೊರಟ ಅಣ್ಣ ತಂಗಿಯರ ಕಥೆ. ಮಳೆ ಹಿಡಿದರೆ ಬೂಟು ಉಜ್ಜಿಸಿಕೊಳ್ಳುವವರೇ ಇಲ್ಲ, ಊಟವೂ ಇಲ್ಲ ಎಂಬಲ್ಲಿಯವರೆಗೆ ಅದು ಪಕ್ಕಾ. ಕೊನೆಗೆ ಶ್ರೀಮಂತರು ದತ್ತು ತೆಗೆದುಕೊಳ್ಳುವುದು ಹಳೆಯ ಕಾಲದ ಹಿಂದಿ ಚಿತ್ರದ ಪದ್ಧತಿ. ಈ ಅಂತ್ಯ ನಂಬುವ ಹಾಗಿದೆಯೇ ಎಂದು ಮಗಳನ್ನೇ ಕೇಳಿ ನೋಡಿ, 13ರ ಮಕ್ಕಳು ಇಂಥದ್ದನ್ನು ನಮಗಿಂತ ಬೇಗ ಹಿಡಿಯುತ್ತಾರೆ. ‘ಶೂಶೈನ್’ ಅವಳ ವಯಸ್ಸಿಗೆ ಭಾರ, ಆದರೆ ಕೂಡದು ಎನ್ನುವಂಥದ್ದಲ್ಲ. ‘ಸಲಾಂ ಬಾಂಬೆ’ಯಲ್ಲಿ ವೇಶ್ಯಾವಾಟಿಕೆ, ಮಾದಕ ಎರಡೂ ಇವೆ, ಮೊದಲು ನೀವೊಬ್ಬರೇ ನೋಡಿ ತೀರ್ಮಾನಿಸಿ. ‘ಲೋಸ್ ಓಲ್ವಿದಾದೋಸ್’ ಇನ್ನೆರಡು ಮೂರು ವರ್ಷ ಕಾಯಲಿ. ‘ಪಿಶೋಟಿ’ ಮತ್ತು ‘ಚಿಲ್ಡ್ರನ್ ಅಂಡರ್‌ಗ್ರೌಂಡ್’ ದೊಡ್ಡವರಿಗೆ ಮಾತ್ರ, ಅದೂ ಎರಡನ್ನೂ ಒಂದೇ ವಾರದಲ್ಲಿ ನೋಡಬೇಡಿ.